ಬುಟ್ಟಿಯ ತಳದ ರೊಟ್ಟಿ

ಖಡಕ್ ರೊಟ್ಟಿ ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಸೀಮೆಯಲ್ಲಿ ಕೂತು ಇಂಥ ಮಾತು ಬರೆಯುವುದು ಎಷ್ಟು ಅಪಾಯದ ಕೆಲಸವೆಂದು ನನಗೆ ಗೊತ್ತು. ಇಲ್ಲಿಯ ಜನ ತಮ್ಮನ್ನು ಬೈದರೆ ಹೇಗೋ ನುಂಗಿಕೊಳ್ಳುತ್ತಾರೆ, ರೊಟ್ಟಿಯನ್ನು ಬೈದರೆ ಮೇಲೆ ಬೀಳುತ್ತಾರೆ. ಬೀಳಲಿ. ಎಪ್ಪತ್ತು ದಾಟಿದವಳಿಗೆ ಯಾರ ಹಂಗು?

ನಿನ್ನೆ ಮೊಮ್ಮಗಳು ಸೇಡಮಿಗೆ ಹೋಗಿ ಬರುವಾಗ ಖಡಕ್ ರೊಟ್ಟಿಯ ಕಟ್ಟೊಂದನ್ನು ತಂದಳು. ಸುತ್ತ ಪ್ಲಾಸ್ಟಿಕ್ಕು, ಅದರ ಮೇಲೊಂದು ಬಣ್ಣದ ಚೀಟಿ, ಚೀಟಿಯ ಮೇಲೆ ಅಂಗಡಿಯ ಹೆಸರು. ಮದುವೆಯ ಉಡುಗೊರೆಯಂತೆ ಅದನ್ನು ನನ್ನ ಮುಂದಿಟ್ಟು, "ಮೂರು ತಿಂಗಳು ಇಟ್ರೂ ಏನೂ ಆಗೂದಿಲ್ಲಂತ ಅಜ್ಜಿ" ಎಂದಳು. ಹಾಗಿದ್ದರೆ ಮೂರು ತಿಂಗಳು ಬಿಟ್ಟೇ ತರಬೇಕಿತ್ತು ಎಂದೆ. ಅವಳು ನಕ್ಕಳು. ನನ್ನ ಹಲ್ಲು ಅಲುಗಾಡುತ್ತಿರಬೇಕು, ಅದಕ್ಕೇ ಮುದುಕಿಗೆ ಗಟ್ಟಿ ರೊಟ್ಟಿ ಕಂಡರೆ ಆಗುವುದಿಲ್ಲ ಎಂದುಕೊಂಡಳು. ನನ್ನ ಹಲ್ಲು ಕಲ್ಲಿನಂತಿವೆ. ಇರದೆ ಏನು ಮಾಡಿಯಾವು? ಹುಟ್ಟಿದ ಮನೆಯಲ್ಲಿ ಹದಿನಾರು ವರ್ಷ ಅವಕ್ಕೆ ರೊಟ್ಟಿ ಅಗಿಯುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ.

ಆ ಮನೆ ಇದ್ದದ್ದು ಸೇಡಮಿನಲ್ಲಿ. ನಿಜಾಮರ ಕಾಲ. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ನಾನು ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಐದನೆಯದಾಗಿ ಒಂದು ಬುಟ್ಟಿಯಿತ್ತು. ಅದನ್ನೂ ಮನೆಯ ಜನರೊಳಗೇ ಲೆಕ್ಕ ಹಿಡಿಯಬೇಕು, ಏಕೆಂದರೆ ನಮ್ಮೆಲ್ಲರಿಗಿಂತ ಅದರ ಮಾತೇ ಹೆಚ್ಚು ನಡೆಯುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆಯ ಮೇಲೆ ಅದರ ಠಿಕಾಣಿ. ಎಳೆಮಗುವನ್ನು ಮಲಗಿಸಬಹುದಾದಷ್ಟು ದೊಡ್ಡ ಬಿದಿರಿನ ಬುಟ್ಟಿ. ಅದರಲ್ಲಿ ಯಾವಾಗಲೂ ಹತ್ತು ದಿನದ ರೊಟ್ಟಿ ಇರಬೇಕು. ಹನ್ನೊಂದು ಆದರೆ ಅಡ್ಡಿಯಿಲ್ಲ, ಒಂಬತ್ತು ಆಗಕೂಡದು. ಇದು ಆಯಿಯ ಕಾಯಿದೆ.

ಅವ್ವ ದಿನಾ ಬೆಳಿಗ್ಗೆ ಹನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಒಂದೊಂದೂ ಉಬ್ಬಿ ನಿಲ್ಲುತ್ತಿತ್ತು. ಅವ್ವ ಅದನ್ನು ತೆಗೆದು ಬೆರಳಿನಿಂದ ಮೆಲ್ಲಗೆ ಒತ್ತಿ, ಒಳಗಿನ ಹಬೆ ಬಿಡಿಸಿ, ಒಲೆಯ ಸುತ್ತ ಆನಿಸಿ ನಿಲ್ಲಿಸುತ್ತಿದ್ದಳು. ಅವು ಅಲ್ಲೇ ಒಣಗಿ ಖಡಕ್ ಆಗಬೇಕು. ಆದ ಮೇಲೆ ಬುಟ್ಟಿಯೊಳಗಿನ ಹಳೆಯ ರೊಟ್ಟಿಯನ್ನೆಲ್ಲ ಎತ್ತಿ ಹೊರಗಿಟ್ಟು, ಹೊಸ ಹನ್ನೆರಡನ್ನು ತಳಕ್ಕೆ ಹಾಕಿ, ಮೇಲೊಂದು ಮುತ್ತಲದ ಎಲೆ ಇಟ್ಟು, ಅದರ ಮೇಲೆ ಹಳೆಯದನ್ನೆಲ್ಲ ಮತ್ತೆ ಪೇರಿಸಬೇಕು. ಒಂದು ದಿನಕ್ಕೆ ಒಂದು ಎಲೆ. ಉಣ್ಣುವುದು ಎಲ್ಲಕ್ಕಿಂತ ಮೇಲಿನ ಎಲೆಯ ರೊಟ್ಟಿಯನ್ನು, ಎಂದರೆ ಎಲ್ಲಕ್ಕಿಂತ ಹಳೆಯದನ್ನು. ಸೋಮವಾರ ಮಾಡಿದ ರೊಟ್ಟಿ ನಮ್ಮ ಊಟದ ಗಂಗಾಳಕ್ಕೆ ಬರುತ್ತಿದ್ದುದು ಮುಂದಿನ ವಾರದ ಗುರುವಾರ. ಸೇಡಮಿನ ಜನ ಎಲ್ಲರೂ ಆಯಾ ದಿನ ಬದುಕುತ್ತಿದ್ದರು. ನಾವು ನಾಲ್ಕು ಜನ ಮಾತ್ರ ಹತ್ತು ದಿನ ಹಿಂದೆ ಇದ್ದೆವು.

ಇದರಲ್ಲಿ ಸಿಟ್ಟು ಬರುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಖಡಕ್ ರೊಟ್ಟಿಗೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಮೇಲೊಂದಿಷ್ಟು ಮೊಸರು ಇದ್ದರೆ ಸಾಕಲ್ಲವೇ ಎಂದೂ ಕೇಳಬಹುದು. ಒಂದು ದಿನ ಉಂಡು ಎದ್ದು ಹೋಗುವವರು ಕೇಳುವ ಮಾತು ಇದು. ಬೆಳಿಗ್ಗೆ ಎದ್ದರೆ ಇಡೀ ಮನೆಗೆ ಬಿಸಿ ರೊಟ್ಟಿಯ ವಾಸನೆ. ಬಾಯಲ್ಲಿ ನೀರು. ಕೈಗೆ ಬರುವುದು ಮಾತ್ರ ಕಟಕಟ ಎನ್ನುವ ಹಳೆಯದು. ಒಂದು ದಿನವಲ್ಲ, ಒಂದು ವರ್ಷವಲ್ಲ. ಮೂಗಿಗೆ ಒಂದು, ಬಾಯಿಗೆ ಇನ್ನೊಂದು ಕೊಟ್ಟು ಮಕ್ಕಳನ್ನು ಬೆಳೆಸಿದರೆ ಅವು ನನ್ನ ಹಾಗೆ ಸಿಡುಕುತ್ತಲೇ ಬೆಳೆಯುತ್ತವೆ.

ಆಯಿಗೂ ಒಂದು ಕಾರಣವಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವಳು ಹುಟ್ಟಿದ್ದು ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಊರಿಗೆ ಪ್ಲೇಗು ಬಂದು ಜನ ಮನೆಗಳನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರಂತೆ. ಬೀಸುವ ಕಲ್ಲು ಊರಲ್ಲೇ ಉಳಿಯಿತು, ತರಲು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿಯ ತಾಯಿ ತಲೆಯ ಮೇಲೆ ಹೊತ್ತು ತಂದಿದ್ದ ರೊಟ್ಟಿಯ ಬುಟ್ಟಿಯೊಂದೇ ಅವರೆಲ್ಲರನ್ನೂ ಎರಡು ವಾರ ಸಾಕಿತಂತೆ. ಈ ಕಥೆಯನ್ನು ಆಯಿ ಹೇಳುವಾಗ ಅವಳ ಕೈ ತಾನಾಗಿಯೇ ಬುಟ್ಟಿಯ ಮೇಲೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅದನ್ನು ಕೇಳಿ ನನಗೆ ಅಳು ಬರುತ್ತಿತ್ತು. ಆದರೆ ಪ್ಲೇಗು ಹೋಗಿ ಅದೆಷ್ಟೋ ವರ್ಷವಾಗಿತ್ತು, ನಮ್ಮ ಮನೆಯಲ್ಲಿ ಮಾತ್ರ ಅದು ಇನ್ನೂ ದಿನಾ ಪಂಕ್ತಿಯಲ್ಲಿ ಕೂತು ಉಣ್ಣುತ್ತಿತ್ತು.

ಬುಟ್ಟಿಯ ಕಾಯಿದೆ ಬುಟ್ಟಿಯಲ್ಲೇ ನಿಂತಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಅದು ಮನೆಯೆಲ್ಲ ಹಬ್ಬಿತ್ತು. ಅಪ್ಪ ಶಾಲೆಯಲ್ಲಿ ಹಿಸಾಬು ಕಲಿಸುವ ಮಾಸ್ತರರು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವ ದಿನ ತೊಡಬೇಕೆಂದು ಗುಲ್ಬರ್ಗಾದಲ್ಲಿ ಒಂದು ಕರಿ ಶೇರ್ವಾನಿ ಹೊಲಿಸಿ ತಂದಿದ್ದರು. ಅದನ್ನು ಬೇವಿನ ಎಲೆಯ ನಡುವೆ ಮಡಿಸಿ ಟ್ರಂಕಿನಲ್ಲಿ ಇಟ್ಟರು. ಹಬ್ಬಕ್ಕೂ ತೊಡಲಿಲ್ಲ, ಮದುವೆಗಳಿಗೂ ತೊಡಲಿಲ್ಲ. ಆರು ವರ್ಷದ ಮೇಲೆ ಸಾಹೇಬರು ಬಂದರು. ಅಪ್ಪ ಶೇರ್ವಾನಿಯೊಳಗೆ ಕೈ ತೂರಿಸಿದರು, ಹೊಟ್ಟೆಯ ಮೇಲೆ ಗುಂಡಿಯೂ ಕಾಜವೂ ಒಂದರ ಮುಖ ಒಂದು ನೋಡಿಕೊಂಡವೇ ಹೊರತು ಕೂಡಲಿಲ್ಲ. ಕೊನೆಗೆ ಮೊಣಕೈ ಹರಿದ ಹಳೆಯ ಕೋಟಿನಲ್ಲೇ ಸಾಹೇಬರಿಗೆ ಸಲಾಮು ಹೊಡೆದು ಬಂದರು.

ವಾಡಿಯ ಕಥೆಯಂತೂ ಇನ್ನೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ಶಹಾಬಾದಿನಲ್ಲಿ ಅಪ್ಪನ ಸೋದರತ್ತೆಯ ಮನೆ. ಅಲ್ಲಿಗೆ ಹೋಗಬೇಕಾದರೆ ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಆ ಗಾಡಿಗೆ ಮೂರು ತಾಸು ಕಾಯಬೇಕು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಭಜಿ ಕರಿಯುತ್ತಿದ್ದ. ನಾನು ಕೇಳಿದಾಗಲೆಲ್ಲ ಅಪ್ಪ, ಗಾಡಿ ಬರಲಿ, ಬಂದ ಮೇಲೆ ಬಿಸಿಬಿಸಿ ಕಟ್ಟಿಸಿಕೊಂಡು ಒಳಗೆ ಕೂತು ತಿನ್ನೋಣ ಎನ್ನುತ್ತಿದ್ದರು. ಗಾಡಿ ಬಂದ ಮೇಲೆ ಜಾಗ ಹಿಡಿಯಲು ಓಡುವುದೇ ಆಗುತ್ತಿತ್ತು. ನಾಲ್ಕು ಸಲ ಹೋಗಿರಬೇಕು, ನಾಲ್ಕು ಸಲವೂ ಅದೇ ಮಾತು, ಅದೇ ಓಟ. ವಾಡಿಯ ಭಜಿಯನ್ನು ನನ್ನಷ್ಟು ಮೂಗಿನಿಂದ ತಿಂದವರು ನಿಜಾಮರ ರಾಜ್ಯದಲ್ಲೇ ಯಾರೂ ಇರಲಿಕ್ಕಿಲ್ಲ.

ಬೈಯುವುದು ಸುಲಭ, ನಾನೂ ಆ ಮನೆಯ ಮಗಳೇ. ಶಹಾಬಾದಿನ ಆ ಅಜ್ಜಿ ಒಮ್ಮೆ ನನಗೆ ಹಸಿರು ಗಾಜಿನ ಬಳೆ ಕೊಡಿಸಿದಳು. ಒಡೆದಾವು ಎಂಬ ಹೆದರಿಕೆಗೆ ಅವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ದಿನಕ್ಕೊಮ್ಮೆ ತೆಗೆದು ನೋಡಿ, ಮುಟ್ಟಿ, ಮತ್ತೆ ಸುತ್ತಿಡುತ್ತಿದ್ದೆ. ಎರಡು ವರ್ಷ ಕಳೆದು ದಸರೆಗೆ ತೊಡಲು ಹೋದರೆ ಒಂದೂ ಕೈಗೆ ಏರಲಿಲ್ಲ. ನನ್ನ ಕೈ ಬೆಳೆದಿತ್ತು. ಬಳೆಗಳನ್ನು ಬೈದೆ, ಆಯಿಯನ್ನು ಬೈದೆ, ನನ್ನನ್ನು ನಾನು ಬೈದುಕೊಳ್ಳಲು ಮಾತ್ರ ಇನ್ನೂ ಬುದ್ಧಿ ಬಂದಿರಲಿಲ್ಲ.

ಒಂಬತ್ತೋ ಹತ್ತೋ ವರ್ಷದವಳಿದ್ದಾಗ ನಾನೊಂದು ಶೋಧ ಮಾಡಿದೆ. ಶಾಲೆಯಲ್ಲಿ ಹುಡುಗರಿಗೆ ಎಲ್ಲವೂ ಉರ್ದುವಿನಲ್ಲಿ. ಅಲ್ಲಿ ಕಲಿಸಿ ಬಂದ ಹಿಸಾಬನ್ನೇ ಅಪ್ಪ ಸಂಜೆ ಪಡಸಾಲೆಯಲ್ಲಿ ನನಗೆ ಕನ್ನಡದಲ್ಲಿ ಕಲಿಸುತ್ತಿದ್ದರು. ಅವತ್ತು ಪಾಟಿಯ ಮೇಲೆ ನಾನೇ ಒಂದು ಲೆಕ್ಕ ಹಾಕಿದೆ. ಬುಟ್ಟಿಯಲ್ಲಿ ನೂರಾ ಇಪ್ಪತ್ತು ರೊಟ್ಟಿ. ದಿನಾ ಹಾಕುವುದು ಹನ್ನೆರಡು, ತೆಗೆಯುವುದು ಹನ್ನೆರಡು. ಹಾಗಾದರೆ ಹಾಕುವುದೂ ಬೇಡ, ತೆಗೆಯುವುದೂ ಬೇಡ. ಅವತ್ತು ಮಾಡಿದ ಹನ್ನೆರಡನ್ನು ಅವತ್ತೇ ಬಿಸಿಯಾಗಿ ಉಂಡರೆ ಬುಟ್ಟಿ ಇದ್ದಷ್ಟೇ ತುಂಬಿರುತ್ತದೆ. ಯಾವಾಗಾದರೊಮ್ಮೆ ಹಳೆಯದನ್ನು ಎಮ್ಮೆಗೆ ಹಾಕಿ ಹೊಸದು ತುಂಬಿದರಾಯಿತು. ಆಯಿಯ ಹೆದರಿಕೆಗೂ ಜಾಗವಿದೆ, ನಮ್ಮ ನಾಲಗೆಗೂ ಜಾಗವಿದೆ.

ಅಪ್ಪ ಪಾಟಿಯನ್ನು ಬಹಳ ಹೊತ್ತು ನೋಡಿದರು. ಆ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ. ಊರ ಹುಡುಗರಿಗೆಲ್ಲ ಹಿಸಾಬು ಕಲಿಸಿದ ಮನುಷ್ಯನಿಗೆ ತನ್ನ ಮನೆಯ ಹಿಸಾಬು ಆ ಹೊತ್ತಿನವರೆಗೆ ಹೊಳೆದಿರಲಿಲ್ಲ.

"ಹಿಸಾಬ್ ಬರೋಬ್ಬರಿ ಅದ," ಎಂದರು. ಆಮೇಲೆ ಧೋತರದ ಚುಂಗಿನಿಂದ ಪಾಟಿಯನ್ನು ಒರೆಸಿಬಿಟ್ಟರು. "ಆಯಿಗಿ ಹೇಳಬ್ಯಾಡ. ಮುಂದ ನೋಡೋಣ."

ಸರಿಯಾದ ಲೆಕ್ಕವನ್ನು ಒರೆಸುವ ಮಾಸ್ತರರನ್ನು ನಾನು ಅವತ್ತೇ ಮೊದಲು ನೋಡಿದ್ದು. ತಪ್ಪೆಂದು ಹೇಳಿ ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ. ಹಟಕ್ಕೆ ಬಿದ್ದು ನಾನೇ ಹೋಗಿ ಆಯಿಗೆ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು, "ಇವತ್ತ ಬಿಸೀದು ಉಂಡ ನಾಲಗಿ ನಾಳಿಗಿ ಹಳೇದು ಒಲ್ಲೆ ಅಂತದವ್ವ. ಬಿಸೀದು ಸಿಗದ ದಿನ ಬಂದ್ರ ಆಗ ಏನ ಮಾಡ್ತಿ?" ಎಂದಳು. ಬಾರದ ದಿನದ ಹೆದರಿಕೆಗೆ ಯಾವ ಪಾಟಿಯ ಮೇಲೂ ಉತ್ತರ ಬರೆಯಲು ಬರುವುದಿಲ್ಲ.

ಇದೆಲ್ಲದರ ನಡುವೆ ಅವ್ವ ಏನೂ ಅನ್ನುತ್ತಿರಲಿಲ್ಲ. ಅವಳು ಆಡಕಿಯವಳು. ಅವಳ ತವರಿನಲ್ಲಿ ಇಂಥ ಬುಟ್ಟಿ ಇರಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲ ಕಟ್ಟೆಯ ಮೇಲೆ ಕೂತು ಹಂಚಿಗೆ ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಬೆಣ್ಣೆ ನೋಡಿ ಅವಳಿಗೆ ತವರು ನೆನಪಾಗಿರಬೇಕು.

"ಆಡಕ್ಯಾಗ ನಮ್ಮವ್ವ ರೊಟ್ಟಿ ಬಡೀತಿದ್ದಳು, ನಾವು ಒಲಿ ಸುತ್ತ ಕುಂದರ್ತಿದ್ದೆವು. ಹಂಚಿನ ಮ್ಯಾಲಿಂದ ಸೀದಾ ಗಂಗಾಳಕ್ಕ ಬೀಳ್ತಿತ್ತು. ಬೆಣ್ಣಿ ಇಟ್ರ ನೋಡನೋಡ್ತ ಕರಗತಿತ್ತು," ಎಂದಳು.

ದಿನಾ ಹನ್ನೆರಡು ಮಾಡುವವಳು ಕದ್ದು ಒಂದನ್ನು ತಿಂದರೆ ಯಾರಿಗೆ ತಿಳಿಯುತ್ತದೆ ಎಂದು ಕೇಳಿದೆ. ಅವ್ವ ತಲೆಯಾಡಿಸಿದಳು.

"ಕದ್ದು ತಿಂದ್ರ ಹೊಟ್ಟಿ ತುಂಬತದ. ನನಗ ಬೇಕಾಗಿದ್ದು ಅದಲ್ಲ. ಯಾರರ ಮಾಡಿ ಹಾಕಬೇಕು, ನಾ ಕುಂತು ಉಣಬೇಕು."

ಅವಳು ನನ್ನ ಮುಂದೆ ಬಾಯಿಬಿಟ್ಟು ಹೇಳಿದ ಆಸೆ ಇದೊಂದೇ. ನಾನು ಎದೆಯುಬ್ಬಿಸಿ, ದೊಡ್ಡವಳಾದ ಮೇಲೆ ನಾನೇ ಮಾಡಿ ಹಾಕುತ್ತೇನೆ ಎಂದು ಮಾತು ಕೊಟ್ಟೆ. ಗಮನಿಸಿದಿರಲ್ಲ? ಒಲೆ ಅಲ್ಲೇ ಇತ್ತು. ಹಿಟ್ಟು ಅಲ್ಲೇ ಇತ್ತು. ಆಯಿ ಒಳಗೆ ನಿದ್ದೆ ಮಾಡುತ್ತಿದ್ದಳು. ವಕ್ರವೋ ಸೊಟ್ಟವೋ ಒಂದು ರೊಟ್ಟಿ ಬಡಿಯಲು ಹತ್ತು ವರ್ಷದ ಹುಡುಗಿಗೆ ಬರುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಯಾವುದನ್ನೂ ಈಗಲೇ ಮಾಡುವ ರೂಢಿ ಇರಲಿಲ್ಲ, ನಾನೂ ದೊಡ್ಡವಳಾಗುವುದಕ್ಕೆ ಮುಂದೂಡಿದೆ. ಅವ್ವ ನಕ್ಕು, "ಆಗ್ಲೇಳು," ಎಂದಳು.

ಹದಿನಾರಕ್ಕೆ ನನ್ನ ಮದುವೆಯಾಯಿತು. ಕೊಟ್ಟದ್ದು ಚಿತ್ತಾಪುರಕ್ಕೆ, ಒಕ್ಕಲುತನದ ಮನೆಗೆ. ಮೊದಲ ದಿನ ಊಟಕ್ಕೆ ಕೂತಾಗ ಅತ್ತೆ ಹಂಚಿನಿಂದ ತೆಗೆದ ರೊಟ್ಟಿಯನ್ನು ನೇರ ನನ್ನ ಗಂಗಾಳಕ್ಕೆ ಹಾಕಿದರು. ನಾನು ಕೈಕಟ್ಟಿ ಕೂತೆ. ಅತ್ತೆ ಯಾಕೆ ಎಂದು ಕೇಳಿದಾಗ, ಒಣಗಲಿ ಎಂದು ಕಾಯುತ್ತಿದ್ದೇನೆ ಎಂದುಬಿಟ್ಟೆ. ಆ ಮಾತನ್ನು ಹೇಳಿಕೊಂಡು ಆ ಮನೆಯವರು ಎಷ್ಟೋ ವರ್ಷ ನಕ್ಕರು. ನಾನೂ ಅವರೊಂದಿಗೆ ನಗುತ್ತಿದ್ದೆ. ಆದರೆ ಅವತ್ತು ಮೊದಲ ತುತ್ತು ಬಾಯಿಗೆ ಇಟ್ಟಾಗ ಬಂದದ್ದು ನಗುವಲ್ಲ. ಹದಿನಾರು ವರ್ಷ ಅಡುಗೆಮನೆಯಲ್ಲಿ ಕಣ್ಣೆದುರೇ ಇದ್ದದ್ದು ಇದು ಎಂದು ಮೈಯೆಲ್ಲ ಉರಿದುಹೋಯಿತು. ಅವ್ವ ಬಂದ ದಿನ ಅವಳನ್ನು ಇದೇ ಒಲೆಯ ಮುಂದೆ ಕೂರಿಸುತ್ತೇನೆ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಅವ್ವ ಬಂದಳು. ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಶಹಾಬಾದಿನಲ್ಲಿ ಒಂದು ಮದುವೆಗೆಂದು ಅಪ್ಪ ಅವ್ವ ಹೊರಟಿದ್ದವರು ಬೆಳಗಿನ ಗಾಡಿಗೆ ಚಿತ್ತಾಪುರದಲ್ಲಿ ಇಳಿದು, ಉಂಡು, ಮಧ್ಯಾಹ್ನದ ಗಾಡಿಗೆ ಮುಂದೆ ಹೋಗುವವರಿದ್ದರು. ಈಗ ನಾನು ಮಾಡಿದ್ದನ್ನು ಕೇಳಿ. ಹೋಳಿಗೆ ಮಾಡಿದೆ.

ನಮ್ಮ ಕಡೆ ಮನೆಗೆ ಬಂದ ಬೀಗರಿಗೆ ರೊಟ್ಟಿ ಬಡಿಸುವುದಿಲ್ಲ. ಬಡಿಸಿದರೆ ಅವರಿಗೂ ಅವಮಾನ, ನಮಗೂ ಅವಮಾನ. ರೊಟ್ಟಿ ಮನೆಮಂದಿಗೆ, ಹೊಲದ ಆಳುಗಳಿಗೆ. ಬೀಗರಿಗೆ ಹೋಳಿಗೆ, ತುಪ್ಪ, ಹಪ್ಪಳ. ಅಪ್ಪನಿಗೂ ಸೇಡಮಿನಲ್ಲಿ ಇದೇ ಪಾಡು. ಮಾಸ್ತರರು ಬಂದರೆಂದು ಯಾವ ಮನೆಯವರೂ ಅವರ ಮುಂದೆ ರೊಟ್ಟಿ ಇಡುತ್ತಿರಲಿಲ್ಲ. ಅತ್ತೆ ಹೋಳಿಗೆ ಎಂದರು, ನಾನು ಹೂಂ ಎಂದೆ. ಪೂರ್ತಿ ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಮಗಳು ಎಂಥ ಮನೆ ಸೇರಿದ್ದಾಳೆ ನೋಡಲಿ ಎಂಬ ಜಂಬ. ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಮೈತುಂಬ ಬೆವರಿ ಮೆರೆದೆ.

ಅವ್ವ ಅಡುಗೆಮನೆಗೆ ಬಂದು ನನ್ನ ಹತ್ತಿರ ಕೂತಳು. ಪಕ್ಕದ ಒಲೆಯಲ್ಲಿ ನನ್ನ ನೆಗೆಣ್ಣಿ ಆಳುಗಳಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಅವ್ವನ ಕಣ್ಣು ಆ ಹಂಚಿನ ಮೇಲೇ ಇತ್ತು. "ಎಷ್ಟ್ ಛಂದ ಉಬ್ಬಲಿಕತ್ತಾವ," ಎಂದಳು. ನನಗೆ ಹಿತ್ತಿಲ ಕಟ್ಟೆಯ ಮಾತು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಕೈಯಲ್ಲಿ ಹೂರಣದ ಉಂಡೆ ಇತ್ತು, ಗಾಡಿಯ ಹೊತ್ತಾಗುತ್ತಿತ್ತು, ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಮುಂದಿನ ಸಲ ಬಂದಾಗ ನಾಲ್ಕು ದಿನ ಇರಬೇಕ ನೋಡವ್ವ. ನಾನೇ ಕುಂದ್ರಿಸಿ ಮಾಡಿ ಹಾಕ್ತೀನಿ. ಇವತ್ತ ಹೋಳಗಿ ಉಣ್ಣು," ಎಂದೆ.

"ಆಗ್ಲೇಳು," ಎಂದಳು ಅವ್ವ. ಹೋಳಿಗೆ ಉಂಡಳು, ಚೆನ್ನಾಗಿವೆ ಎಂದಳು, ಗಾಡಿ ಹತ್ತಿ ಹೋದಳು.

ಮುಂದಿನ ಸಲ ಎನ್ನುವುದು ಯಾವ ವಾರದಲ್ಲಿ ಬರುತ್ತದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುವರ್ಷದ ಚಳಿಗಾಲದಲ್ಲಿ ಒಂದು ಬುಧವಾರ, ಅವ್ವನಿಗೆ ಜ್ವರ ಹೆಚ್ಚಾಗಿದೆ, ಕೂಡಲೇ ಬಾ ಎಂದು ಸೇಡಮಿನಿಂದ ಒಬ್ಬರ ಕೈಯಲ್ಲಿ ಹೇಳಿ ಕಳಿಸಿದರು. ನಾನು ಗಾಡಿಯಿಂದ ಇಳಿದು ಮನೆ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಜನ ನೆರೆದಿದ್ದರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಯ ತುಂಬ ವಿಭೂತಿ, ಕೊರಳಿಗೆ ಹೂವು. ಪಡಸಾಲೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಅವ್ವ ಕುಳಿತಿದ್ದಳು. ಆ ಮನೆಯಲ್ಲಿ ಅವಳು ಅಷ್ಟು ಹೊತ್ತು ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಕೂರಿಸುವುದು ಇವರಿಗೆ ಬರುತ್ತಿತ್ತಲ್ಲ, ಎಂದುಕೊಂಡೆ.

ಮಣ್ಣು ಮಾಡಿ ಬಂದ ಮರುದಿನ ಹಿಟ್ಟು ಹಿಡಿಯಲು ನನ್ನ ಕೈ ಏಳಲಿಲ್ಲ. ಆಯಿಗೆ ಆಗ ಕಣ್ಣು ಮಂಜಾಗಿತ್ತು, ತಡವರಿಸಿಕೊಂಡು ಅಡುಗೆಮನೆಗೆ ಬಂದು ಬುಟ್ಟಿಯೊಳಗೆ ಕೈಹಾಕಿ ಎಲೆಗಳನ್ನು ಎಣಿಸಿದಳು. ಎಂಟು ಎಲೆ ಇದ್ದವು.

"ಎಂಟು ದಿನದ್ದು ಮಾಡಿಟ್ಟು ಹೋಗ್ಯಾಳ," ಎಂದಳು. "ನೋಡು, ಬುಟ್ಟಿ ಉಪಯೋಗಕ್ಕ ಬಂತು."

ನೆರೆಹೊರೆಯ ಹೆಂಗಸರೂ ಇದನ್ನೇ ಹಾಡಿದರು. ಎಂಥ ಸಾಧ್ವಿ, ಸತ್ತ ಮೇಲೂ ಮನೆಯವರಿಗೆ ಉಣ್ಣಲಿಕ್ಕೆ ಇಟ್ಟು ಹೋದಳು ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ನಾಲಗೆಯ ತುದಿಗೆ ಏನೇನೋ ಬಂತು. ನುಂಗಿಕೊಂಡೆ. ಸತ್ತವಳ ಕೈರೊಟ್ಟಿಯನ್ನು ಹೊಗಳುವ ಇವರಲ್ಲಿ ಒಬ್ಬರಾದರೂ ಬದುಕಿದ್ದಾಗ ಅವಳನ್ನು ಕೂರಿಸಿ ಒಂದು ರೊಟ್ಟಿ ಹಾಕಿದ್ದರೇ? ಹಾಕದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ. ಅದು ಗೊತ್ತಿದ್ದೇ ಆ ಸಿಟ್ಟಿಗೆ ಅಷ್ಟು ಕಾವು.

ಮೊದಲ ಮೂರು ದಿನದ ರೊಟ್ಟಿ ಅವ್ವನ ರೊಟ್ಟಿಯೇ. ಕಾಗದದಷ್ಟು ತೆಳ್ಳಗೆ, ಚಂದ್ರನಷ್ಟು ದುಂಡಗೆ. ನಾಲ್ಕನೆಯ ದಿನ ಮೇಲಿನ ಎಲೆ ತೆಗೆದೆ, ಕೆಳಗಿನ ರೊಟ್ಟಿ ಬೇರೆಯಾಗಿತ್ತು. ಅಂಚು ಒಡೆದಿತ್ತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದರ ಕೆಳಗಿನ ಎಲೆ ಎತ್ತಿದೆ, ಅಲ್ಲಿ ಎರಡು ರೊಟ್ಟಿ ಸುಟ್ಟು ಕರಿಯಾಗಿದ್ದವು. ಇನ್ನೂ ಕೆಳಗೆ ಹೋದೆ. ತಳದ ಎಲೆಯ ಕೆಳಗಿನವು ರೊಟ್ಟಿಯೆನ್ನುವ ಹಾಗೇ ಇರಲಿಲ್ಲ, ಬೆರಳಿನ ಗುರುತುಗಳೆಲ್ಲ ಹಾಗೇ ಉಳಿದಿದ್ದವು, ನಡುವೆ ಬಿರುಕು.

ಉಳಿದ ಐದೂ ದಿನದ ರೊಟ್ಟಿಯನ್ನು ಸೆರಗಿನಲ್ಲಿ ಹೊತ್ತು ತಂದು ಪಡಸಾಲೆಯಲ್ಲಿ ಅಪ್ಪನ ಮುಂದೆ ಎಲೆಯ ಸಮೇತ ಸಾಲಾಗಿ ಇಟ್ಟೆ. ಅವ್ವನಿಗೆ ಜ್ವರ ಯಾವತ್ತು ಬಂತು ಎಂದು ಕೇಳಿದೆ. ಸೋಮವಾರ ಎಂದರು ಅಪ್ಪ. ಸೋಮವಾರ ಬೆಳಿಗ್ಗೆ ರೊಟ್ಟಿ ಮಾಡಿ ಎದ್ದವಳು ಮಧ್ಯಾಹ್ನ ಹಾಸಿಗೆ ಹಿಡಿದಳು, ಅದಕ್ಕೆ ಮುಂಚೆ ಅವಳಿಗೆ ಏನೂ ಆಗಿರಲಿಲ್ಲ ಎಂದರು.

"ಇದು ಸೋಮಾರದ್ದು," ಎಂದು ಕೊನೆಯ ಎಲೆಯನ್ನು ಮುಟ್ಟಿ ತೋರಿಸಿದೆ. "ಹಿಂದಕ್ಕ ಎಣಸ್ರಿ ಅಪ್ಪಾ."

ಹಿಸಾಬಿನ ಮಾಸ್ತರರು ಬೆರಳಿಟ್ಟು ಎಣಿಸಿದರು. ಸೋಮವಾರ, ರವಿವಾರ, ಶನಿವಾರ, ಶುಕ್ರವಾರ. ಗುರುವಾರದ ಎಲೆಯ ಹತ್ತಿರ ಬೆರಳು ನಿಂತಿತು. ಒಡೆದ ಅಂಚನ್ನು ಮುಟ್ಟಿ ನೋಡಿದರು. ಗುರುವಾರದಿಂದ ಅವಳು ಜ್ವರದಲ್ಲಿ ರೊಟ್ಟಿ ಬಡಿದಿದ್ದಳು. ಐದು ಬೆಳಿಗ್ಗೆ. ಎಣಿಕೆಯಲ್ಲಿ ಒಂದೂ ಕಡಿಮೆ ಮಾಡಿರಲಿಲ್ಲ, ಆಯಿ ಕೈಯಿಂದ ಎಣಿಸಿದರೆ ಲೆಕ್ಕ ಸರಿಯಾಗಿಯೇ ಸಿಗುತ್ತಿತ್ತು. ಆ ರೊಟ್ಟಿಯನ್ನು ಅವತ್ತೇ ಉಂಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಒಂದು ತುತ್ತು ಮುರಿದಿದ್ದರೆ ಸಾಕಿತ್ತು, ಯಾಕೆ ಹೀಗಾಗಿದೆ ಎಂದು ಯಾರಾದರೂ ಕೇಳುತ್ತಿದ್ದರು, ಅವಳ ಹಣೆ ಮುಟ್ಟಿ ನೋಡುತ್ತಿದ್ದರು. ಆದರೆ ಅವಳು ಸುಡುವ ಮೈಯಲ್ಲಿ ರೊಟ್ಟಿ ಬಡಿಯುವಾಗ ನಮ್ಮ ಮನೆಯವರು ಅವಳು ಚೆನ್ನಾಗಿದ್ದ ದಿನದ ರೊಟ್ಟಿ ಉಣ್ಣುತ್ತಿದ್ದರು. ಅವಳ ಜ್ವರ ಅಪ್ಪನ ಗಂಗಾಳಕ್ಕೆ ಬಂದು ಮುಟ್ಟಲು ಹತ್ತು ದಿನ ಬೇಕಿತ್ತು. ಅಷ್ಟರಲ್ಲಿ ಅವಳೇ ಇರಲಿಲ್ಲ.

ಅಪ್ಪ ಆ ಐದು ದಿನದ ರೊಟ್ಟಿಯನ್ನು ದಿನಕ್ಕೊಂದು ಎಲೆಯಂತೆ ಒಂದು ಚೂರೂ ಬಿಡದೆ ಉಂಡರು, ಸುಟ್ಟ ಅಂಚನ್ನೂ ಬಿಡಲಿಲ್ಲ. ನಾನೂ ಉಂಡೆ. ಇನ್ನೇನು ಮಾಡಬೇಕಿತ್ತು?

ಒಂಬತ್ತನೆಯ ದಿನ ಬುಟ್ಟಿ ಬರಿದಾಯಿತು. ನನಗೆ ಬುದ್ಧಿ ಬಂದ ಮೇಲೆ ಆ ಬುಟ್ಟಿ ಬರಿದಾಗಿ ಕೂತದ್ದನ್ನು ನೋಡಿದ್ದು ಅವತ್ತೇ ಮೊದಲು. ಆಯಿ ಮೂಲೆಯಲ್ಲಿ ಕೂತು, ನೀನು ಚಿತ್ತಾಪುರಕ್ಕೆ ಹೋಗುವುದರೊಳಗೆ ಅದನ್ನು ತುಂಬಿಟ್ಟು ಹೋಗು ಎಂದಳು. ನಾನು ಒಲೆ ಹೊತ್ತಿಸಿದೆ, ಹಿಟ್ಟು ನಾದಿದೆ. ಮೂರು ಗಂಗಾಳಗಳನ್ನು ಒಲೆಯ ಹತ್ತಿರ ಇಟ್ಟು ಅಪ್ಪನನ್ನು ಒಳಗೆ ಕರೆದೆ. ಅಪ್ಪ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತರು. ಊಟಕ್ಕೆ ಅವರ ಜಾಗ ಪಡಸಾಲೆ. ಇಷ್ಟು ವರ್ಷ ಅವ್ವ ಅಲ್ಲಿಗೇ ತಂದು ಕೊಡುತ್ತಿದ್ದಳು.

"ಇಲ್ಲೇ ಕುಂದರ್ರಿ," ಎಂದೆ. ನನ್ನ ದನಿ ಹೇಗಿತ್ತೋ, ಅಪ್ಪ ಬಂದು ಕೂತರು. ಆಯಿಯೂ ಹತ್ತಿರ ಸರಿದಳು.

ರೊಟ್ಟಿ ಬಡಿದೆ. ಇದ್ದ ಸಿಟ್ಟನ್ನೆಲ್ಲ ಹಾಕಿ ಬಡಿದೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಮಗುಚಿದೆ. ನಡುವೆ ಒಂದು ಸಣ್ಣ ಗುಳ್ಳೆ ಎದ್ದಿತು. ಅದು ಹರಡುತ್ತ ಹರಡುತ್ತ ಇಡೀ ರೊಟ್ಟಿ ಉಬ್ಬಿ ನಿಂತಿತು. ಅಪ್ಪ ಅದನ್ನೇ ನೋಡುತ್ತಿದ್ದರು. ಒತ್ತಲಿಲ್ಲ, ಹಬೆ ಬಿಡಿಸಲಿಲ್ಲ. ಉಬ್ಬಿದ್ದನ್ನು ಉಬ್ಬಿದ ಹಾಗೆಯೇ ಎತ್ತಿ ಅವರ ಗಂಗಾಳಕ್ಕೆ ಹಾಕಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟೆ.

ಅಪ್ಪ ರೊಟ್ಟಿಯನ್ನು ಮುಟ್ಟಲಿಲ್ಲ. ತಲೆ ಎತ್ತದೆ, "ನಿಮ್ಮವ್ವ ಮಾಡಿದಾಗೂ ಹಿಂಗ ಉಬ್ಬತಿದ್ದವೇನು?" ಎಂದು ಕೇಳಿದರು.

"ದಿನಾ ಉಬ್ಬತಿದ್ದವ್ರಿ," ಎಂದೆ.

ಅಪ್ಪ ಹಾಗೇ ಕೂತಿದ್ದರು. ಬೆಣ್ಣೆ ಕರಗಿ ಅಂಚಿಗೆ ಹರಿಯಿತು, ರೊಟ್ಟಿಯ ಹೊಟ್ಟೆ ಮೆಲ್ಲಗೆ ಇಳಿಯತೊಡಗಿತು. ನಾನು ಹುಟ್ಟಿದಾಗಿನಿಂದ ಅಪ್ಪನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗೆ ಕುಕ್ಕಿ ಗದರಿದೆ.

"ಆರೂದ್ರಾಗ ಉಣ್ರಿ ಅಪ್ಪಾ."